ಮೇಜಿಗೆ ಜ್ವರ ಬಂದ ದಿನ

"ನನಗೆ ಒಂದೇ ಒಂದು ವಿಷಯ ಗೊತ್ತಾಗಬೇಕು ಸಾರ್. ನಿನ್ನೆ ನಮ್ಮ ಮನೆಗೆ ಬೆಂಕಿ ಬಿದ್ದದ್ದು ನನ್ನಿಂದಾನಾ, ಅಲ್ವಾ?"

ಬಾಗಿಲಲ್ಲಿ ನಿಂತ ಬಸ್ ಡ್ರೈವರ್ ಹೀಗೆ ಕೇಳಿದಾಗ ಕಾಂಪೌಂಡರ್ ಎತ್ತಿದ ಚಹಾದ ಲೋಟವನ್ನು ಹಾಗೇ ಕೆಳಗಿಟ್ಟರು. ಮೂಗಣ್ಣನ ಕೋಣೆಗೆ ಬರುವವರೆಲ್ಲ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತ ಬರುವವರೇ. ತನ್ನ ಮೇಲೆ ತಾನೇ ಅನುಮಾನಪಟ್ಟುಕೊಂಡು ಬಂದ ಗಿರಾಕಿಯನ್ನು ಅವರು ಇದೇ ಮೊದಲು ನೋಡಿದ್ದು.

ಮೂಗಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ವಿಮಾ ಕಂಪನಿಯೊಂದರಲ್ಲಿ ಸುಟ್ಟ ಗೋದಾಮು, ಸುಟ್ಟ ಅಂಗಡಿಗಳನ್ನು ಮೂಸಿ ನೋಡಿ, ಬೆಂಕಿ ಎಲ್ಲಿಂದ ಎದ್ದಿತು ಎಂದು ಹೇಳುವುದೇ ಅವರ ನೌಕರಿಯಾಗಿತ್ತು. ನಿವೃತ್ತರಾದ ಮೇಲೆ ಕಾಂಪೌಂಡರ್ ಮನೆಯ ಮಹಡಿಗೆ ಬಾಡಿಗೆಗೆ ಬಂದರು. ಆದರೆ ಮೂಗು ಮಾತ್ರ ನಿವೃತ್ತಿ ತೆಗೆದುಕೊಳ್ಳಲಿಲ್ಲ. ಕಾಂಪೌಂಡರ್ ಮನೆಯ ಮಾಲೀಕರೇ ಆದರೂ ಕೆಳಗಿನ ತಮ್ಮ ಮನೆಯಲ್ಲಿ ಕಾಣಿಸುತ್ತಿದ್ದುದು ಅಪರೂಪ. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಜೀವಮಾನವೆಲ್ಲ ಗಾಯಕ್ಕೆ ಪಟ್ಟಿ ಕಟ್ಟಿದ ಮನುಷ್ಯ. ಯಾವುದಾದರೂ ಮಗುವಿಗೆ ಏನೋ ಆಯಿತು ಎಂದು ಕೇಳಿದರೆ ಅವರಿಗೆ ಮೊದಲು ಕೋಪ ಬರುತ್ತಿತ್ತು, ಆಮೇಲೆ ಕಣ್ಣೀರು.

"ಮೊದಲು ಕೂತ್ಕೋಪ್ಪಾ," ಎಂದರು ಕಾಂಪೌಂಡರ್. "ಕೈ ಎದೆ ಮಟ್ಟಕ್ಕೆ ಎತ್ತಿ ಹಿಡ್ಕೋ. ನಿನ್ನೆ ಕಟ್ಟಿದ ಪಟ್ಟಿ ಆಗಲೇ ಇಷ್ಟು ಕೊಳೆ ಮಾಡ್ಕೊಂಡಿದ್ದೀಯಲ್ಲ!"

ಡ್ರೈವರ್ ಕೂತ. ಎರಡೂ ಅಂಗೈಗಳಿಗೆ ಪಟ್ಟಿ. ರಾತ್ರಿ ಕಣ್ಣು ಮುಚ್ಚಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಮನೆಯಲ್ಲಿ ಇರುವವರು ಐವರು: ಹಿತ್ತಲಿನ ಶೆಡ್ಡಿನಲ್ಲಿ ಮರದ ಸಾಮಾನಿಗೆ ಪಾಲಿಷ್ ಮಾಡುವ ಅಣ್ಣ, ಶಾಲೆಯಲ್ಲಿ ಟೀಚರ್ ಆಗಿರುವ ಅತ್ತಿಗೆ, ಮನೆ ನೋಡಿಕೊಳ್ಳುವ ತಾಯಿ, ತಾನು, ಮತ್ತೆ ಅಣ್ಣನ ಮಗಳು, ಮೂರು ವರ್ಷದ ಪುಟ್ಟಿ. ನಿನ್ನೆ ಮಧ್ಯಾಹ್ನ ಅವನು ಬೆಳಗಿನ ಪಾಳಿ ಮುಗಿಸಿ ಬಂದಾಗ ಪುಟ್ಟಿ ಮುಂದಿನ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದಳು. "ಅಂಗಡಿಗೆ ಹೋಗಿ ಬರ್ತೀನಿ, ಮಗು ಕಡೆ ಒಂದು ಕಣ್ಣಿರಲಿ," ಎಂದು ತಾಯಿ ಹೊರಟರು. ಅವನು ಅಡುಗೆಮನೆಯಲ್ಲಿ ಊಟಕ್ಕೆ ಕೂತ.

"ಎರಡು ತುತ್ತು ತಿಂದಿರಬೇಕು ಅಷ್ಟೇ ಸಾರ್. ಮೊದಲು ಬಣ್ಣದಂಥ ವಾಸನೆ ಬಂತು, ಅಣ್ಣನ ಶೆಡ್ಡಿಂದ ಅಂದ್ಕೊಂಡೆ. ಆಮೇಲೆ ಹೊಗೆ. ಓಡಿ ಹೋಗಿ ನೋಡಿದ್ರೆ ಮೂಲೇಲಿರೋ ತಗ್ಗು ಮೇಜು ಉರೀತಿದೆ, ಕಿಟಕಿ ಪರದೆಗೂ ಹತ್ತಿಕೊಂಡಿದೆ. ಮಗೂನ ಎತ್ಕೊಂಡು ಹೋಗಿ ಎದುರುಮನೆಯವರ ಕೈಗೆ ಕೊಟ್ಟೆ, ವಾಪಸ್ ಬಂದು ಪರದೆ ಕಿತ್ತೆಳೆದು ನೀರು ಹಾಕಿದೆ."

"ಮತ್ತೆ ನಿನ್ನ ತಪ್ಪು ಏನಯ್ಯಾ ಇದರಲ್ಲಿ?" ಎಂದರು ಮೂಗಣ್ಣ.

"ನನ್ನ ಲೈಟರ್ ಕಾಣ್ತಿಲ್ಲ ಸಾರ್." ಡ್ರೈವರ್ ತಲೆ ತಗ್ಗಿಸಿದ. "ಬೆಳಿಗ್ಗೆ ಹೊರಡೋ ಗಡಿಬಿಡೀಲಿ ಆ ಮೇಜಿನ ಮೇಲೇ ಬಿಟ್ಟು ಹೋಗಿದ್ದೀಯ, ಮಗು ಎದ್ದು ಅದನ್ನ ಹಚ್ಚಿದೆ ಅಂತಾರೆ ಅತ್ತಿಗೆ. ಬಿಟ್ಟಿದ್ನಾ, ಇಲ್ವಾ? ಎಷ್ಟು ತಲೆ ಕೆರ್ಕೊಂಡ್ರೂ ನೆನಪಾಗ್ತಿಲ್ಲ. ಪುಟ್ಟೀನ ನಿನ್ನೇನೇ ಅವರ ಅಕ್ಕನ ಮನೆಗೆ ಕಳಿಸಿಬಿಟ್ರು. ನಾನು ಆ ಕಡೆ ಸುಳೀಬಾರದಂತೆ. ನಾನೇ ಮಾಡಿದ್ದು ಅಂತಾದ್ರೆ ಮನೆ ಬಿಟ್ಟು ಹೋಗ್ತೀನಿ ಸಾರ್. ಆ ಮಗು ಮುಖ ನೋಡೋ ಯೋಗ್ಯತೆ ನನಗಿಲ್ಲ."

ಮೂಗಣ್ಣ ಆಗಲೇ ಚಪ್ಪಲಿ, ಊರುಗೋಲು ಹುಡುಕುತ್ತಿದ್ದರು.

"ನೀನೇ ಆಗಿದ್ರೆ ವಿಷಯ ಇಲ್ಲಿಗೆ ಮುಗೀತು. ನೀನಲ್ಲದಿದ್ರೆ ಆ ಮನೇಲಿ ಬೇರೆ ಏನೋ ಇದೆ. ಅದೇನು ಅಂತ ಗೊತ್ತಾಗೋವರೆಗೆ ಮಗು ಎಲ್ಲಿದ್ರೂ ನನಗೆ ಸಮಾಧಾನ ಇಲ್ಲ. ನಡೀರಿ ಕಾಂಪೌಂಡರೇ."

ಮನೆಯ ಬಾಗಿಲು ತೆರೆದವಳು ಟೀಚರ್. ಮೈದುನನನ್ನು ಕಂಡದ್ದೇ ಅವಳ ಮುಖ ಕಲ್ಲಾಯಿತು. ಅವನು ಒಳಗೆ ಬರಲಿಲ್ಲ, ಗೇಟಿನ ಹತ್ತಿರವೇ ನಿಂತ.

"ನೋಡಿ ಸಾರ್, ನೀವೇ ನೋಡಿ," ಎಂದು ಅವಳು ಮನೆಯೆಲ್ಲ ತಿರುಗಿಸಿದಳು. ಬೆಂಕಿಪೆಟ್ಟಿಗೆ ಅಟ್ಟದ ಮೇಲೆ. ಔಷಧಿಗಳು ಬೀಗದ ಕಪಾಟಿನಲ್ಲಿ. ಪ್ಲಗ್ಗಿನ ತೂತುಗಳಿಗೆಲ್ಲ ಮುಚ್ಚಳ. ಒಲೆಯ ಮೇಲಿನ ಪಾತ್ರೆಗಳ ಹಿಡಿಗಳು ಗೋಡೆಯ ಕಡೆಗೆ ತಿರುಗಿದ್ದವು. ಸ್ನಾನದ ಮನೆಯ ಬಕೆಟ್ ಬೋರಲಾಗಿತ್ತು. ಹಿತ್ತಲಿನ ಶೆಡ್ಡಿಗೆ ಮಗುವಿನ ಕೈಗೆಟುಕದಷ್ಟು ಎತ್ತರದಲ್ಲಿ ಚಿಲಕ. "ಇಷ್ಟೆಲ್ಲ ನಾನೊಬ್ಬಳೇ ಕಣ್ಣಲ್ಲಿ ಕಣ್ಣಿಟ್ಟು ಮಾಡಿದ್ದು. ಅವನೊಬ್ಬನಿಗೆ ನೂರು ಸಲ ಹೇಳಿದೀನಿ, ಲೈಟರ್ ಎಲ್ಲೆಂದರಲ್ಲಿ ಇಡಬೇಡ ಅಂತ."

ಕಾಂಪೌಂಡರ್ ಬೆರಗಾದರು. ಎಲ್ಲ ಮನೆಗಳೂ ಹೀಗಿದ್ದಿದ್ದರೆ ವಾರ್ಡಿನಲ್ಲಿ ತಮಗೆ ನೊಣ ಹೊಡೆಯುವ ಕೆಲಸವೇ ಇರುತ್ತಿತ್ತು. ಇಂಥ ಮನೆಗೂ ಬೆಂಕಿ ಬೀಳುವುದಾದರೆ ಉಳಿದವರ ಗತಿಯೇನು ಎಂದು ಅವರಿಗೆ ಅನಿಸಿತು.

ಸುಟ್ಟ ಕೋಣೆಯಲ್ಲಿ ಮೂಗಣ್ಣ ನೆಲದ ಮೇಲೆ ಮಂಡಿಯೂರಿ ಕೂತರು. ತಗ್ಗು ಮೇಜಿನ ಒಂದು ಮೂಲೆ ಇದ್ದಿಲಾಗಿತ್ತು. ಕಪ್ಪು ಆ ಮೂಲೆಯಿಂದ ಒಳಕ್ಕೆ ಹರಡಿತ್ತು. ಮೇಜಿನ ನಡುಭಾಗ ಹೊಗೆ ಹಿಡಿದಿತ್ತು ಅಷ್ಟೇ. ಹತ್ತಿರದ ಗೋಡೆಯಲ್ಲಿ ಪ್ಲಗ್ ಇರಲಿಲ್ಲ. ಕಿಟಕಿಯ ಚಿಲಕ ಹಾಕಿದ್ದು ಹಾಗೇ ಇತ್ತು. ಉಳಿದ ಮೂರು ಮೂಲೆಗಳಿಗೆ ಹೂವಿನ ಬಟ್ಟೆಯ ಪುಟ್ಟ ಮೆತ್ತೆಗಳನ್ನು ಕಟ್ಟಿತ್ತು.

"ಇದು ಯಾರ ಕೈಕೆಲಸ?"

"ನಂದೇ," ಎಂದರು ಬಾಗಿಲಲ್ಲಿ ನಿಂತಿದ್ದ ಅಜ್ಜಿ. ಅತ್ತು ಅತ್ತು ಕಣ್ಣು ಬಾತಿತ್ತು. "ಮಗು ಓಡಾಡೋವಾಗ ತಲೆ ಬಡ್ಕೊಳ್ಳುತ್ತೆ ಅಂತ ಹೊಲಿದು ಕಟ್ಟಿದ್ದೆ. ಸುಟ್ಟುಹೋದ ಆ ಮೂಲೇದನ್ನ ಕಚ್ಚಿ ಕಚ್ಚಿ ಹತ್ತಿ ಎಲ್ಲಾ ಹೊರಗೆ ತೆಗೆದಿದ್ಲು ತುಂಟಿ. ಮೊನ್ನೆ ಸಂಜೆ ತಾನೇ ಹೊಸದು ಕಟ್ಟಿದ್ದೆ, ದಪ್ಪಗೆ, ಗಟ್ಟಿಯಾಗಿ."

ಟೀಚರ್ ಕಣ್ಣು ತುಂಬಿಕೊಂಡದ್ದನ್ನು ಕಂಡು, ಮಾತು ಬದಲಿಸೋಣವೆಂದು ಕಾಂಪೌಂಡರ್ ಕೇಳಿದರು: "ನಿನ್ನೆ ಬೆಳಿಗ್ಗೆ ಪುಟ್ಟಿ ಚೆನ್ನಾಗಿ ಆಡ್ಕೊಂಡಿದ್ಲೇನಮ್ಮಾ?"

"ಹೂಂ. ಹೋದ ವಾರ ಅವಳಿಗೆ ಜ್ವರ ಬಂದಿತ್ತಲ್ಲ, ಆಗಿಂದ ಅವಳೇ ಡಾಕ್ಟರು. ಬೊಂಬೆಗೂ ಜ್ವರ, ಬಕೆಟ್‌ಗೂ ಜ್ವರ, ಅವರಪ್ಪನ ಚಪ್ಪಲಿಗೂ ಜ್ವರ." ಟೀಚರ್ ನಗಲು ಹೋಗಿ ಬಿಕ್ಕಿದಳು. "ನಿನ್ನೆ ನಾನು ಹೊರಡೋವಾಗ ಕೈ ಹಿಡಿದು ಎಳೆದ್ಲು. 'ಅಮ್ಮ, ಮೇಜಿಗೆ ಜ್ವರ ಬಂದಿದೆ, ಮುಟ್ಟಿ ನೋಡು' ಅಂದ್ಲು. ನನಗೆ ಶಾಲೆಗೆ ಹೊತ್ತಾಗಿತ್ತು. ಔಷಧಿ ಕೊಡು ಅಂದು ಹೋದೆ."

ಕಾಂಪೌಂಡರ್ ನಕ್ಕರು. ಮೂಗಣ್ಣ ನಗಲಿಲ್ಲ.

ಹಿತ್ತಲಲ್ಲಿ ಬಿಸಿಲು ಚುರುಕಾಗಿತ್ತು. ಹಗ್ಗದ ಮೇಲೆ ಅಂಗೈಯಗಲದ, ಮೊಳದಗಲದ ಹತ್ತಿ ಬಟ್ಟೆಯ ತುಂಡುಗಳು ಸಾಲಾಗಿ ಒಣಗುತ್ತಿದ್ದವು. ಮೂಗಣ್ಣ ಒಂದನ್ನು ಮೂಗಿಗೆ ಒತ್ತಿಕೊಂಡರು. ಕಾಂಪೌಂಡರಿಗೆ ನಾಚಿಕೆಯಾಯಿತು, ಬೇರೆಯವರ ಮನೆಯ ಬಟ್ಟೆಯನ್ನು ಹೀಗೆ ಹಾಡಹಗಲೇ ಮೂಸಿದರೆ ನೋಡಿದವರು ಏನಂದುಕೊಳ್ಳಬೇಕು?

"ಒಳ್ಳೆ ಬಟ್ಟೆ ಅಜ್ಜಿ."

"ಅಲ್ವಾ? ಬಿಸಾಡೋಕೆ ಮನಸ್ಸು ಬರುತ್ತಾ? ಎರಡೆರಡು ಸಲ ಸೋಪು ಹಾಕಿ ಉಜ್ಜಿದೀನಿ. ಈ ಹಳದಿ ಕಲೆ ಒಂದು ಹೋಗಲ್ಲ, ಅಷ್ಟೇ."

ಶೆಡ್ಡಿಗೆ ಚಿಲಕ ಹಾಕಿತ್ತು. ಹಿರಿಮಗ ಯಾರದೋ ಮನೆಯ ಬಾಗಿಲುಗಳಿಗೆ ಪಾಲಿಷ್ ಮಾಡಲು ಹೋಗಿದ್ದ, ಬರುವುದು ಸಂಜೆಗೆ. ಮೂಗಣ್ಣ ಕಿಟಕಿಯಿಂದ ಇಣುಕಿದರು. ಒಳಗೆ ಎಣ್ಣೆ, ಮೆರುಗಿನ ಡಬ್ಬಿಗಳು, ಅರ್ಧ ಮುಗಿದ ಕುರ್ಚಿಗಳು. ಬಾಗಿಲ ಪಕ್ಕದಲ್ಲಿ ನೀರು ತುಂಬಿದ ದೊಡ್ಡ ತಗಡಿನ ಡಬ್ಬಿ, ಅದರ ಮೇಲೆ ತೆಳ್ಳಗೆ ಎಣ್ಣೆಯ ಹೊಳಪು.

"ಕಾಂಪೌಂಡರೇ, ನೀವು ಬಸ್ ಡಿಪೋಗೆ ಹೋಗಿ ಬನ್ನಿ. ಆ ಹುಡುಗ ನಿನ್ನೆ ಓಡಿಸಿದ ಬಸ್ಸನ್ನ ಜಾಲಾಡಿ. ನಾನು ಪಾಲಿಷಿನವನನ್ನ ಹುಡುಕ್ಕೊಂಡು ಹೋಗ್ತೀನಿ. ಅವನ ಬಾಯಿಂದ ಒಂದು ಮಾತು ಕೇಳದೆ ಯಾರ ಮೇಲೂ ತಪ್ಪು ಹೊರಿಸೋಕೆ ಆಗಲ್ಲ."

ಡಿಪೋದಲ್ಲಿ ಕಾಂಪೌಂಡರ್ ಪಟ್ಟ ಪಾಡು ಅಷ್ಟಿಷ್ಟಲ್ಲ. ಬಸ್ಸು ಹುಡುಕಿ, ಮೆಕ್ಯಾನಿಕ್‌ನ ಕೈಕಾಲು ಹಿಡಿದು, ಡ್ರೈವರ್ ಸೀಟಿನ ಅಡಿಯಲ್ಲಿ ಹೊಟ್ಟೆಯ ಮೇಲೆ ಮಲಗಿ ಕೈ ಹಾಕಿದರು. ಕಡಲೆಕಾಯಿ ಸಿಪ್ಪೆ, ಒಂದು ಗುಂಡಿ, ಆಮೇಲೆ ಸೀಟು ಹಿಂದೆಮುಂದೆ ಸರಿಸುವ ಹಳಿಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ನೀಲಿ ಲೈಟರ್. ಅಂಗಿಯೆಲ್ಲ ಗ್ರೀಸ್ ಆದರೂ ಅವರು ಪದಕ ಗೆದ್ದವರ ಹಾಗೆ ಬೀಗುತ್ತ ಹೊರಗೆ ಬಂದರು.

ಹೊತ್ತು ಇಳಿಯುವ ಮುಂಚೆ ಎಲ್ಲರೂ ಆ ಸುಟ್ಟ ಕೋಣೆಯಲ್ಲೇ ಸೇರಿದರು. ಮೂಗಣ್ಣನೊಂದಿಗೆ ಬಂದ ಪಾಲಿಷಿನವನು ಕೆಲಸದ ಬಟ್ಟೆಯಲ್ಲೇ ಗೋಡೆಗೆ ಒರಗಿ ನಿಂತ. ಅಜ್ಜಿ ಸ್ಟೂಲಿನ ಮೇಲೆ ಕೂತರು. ಡ್ರೈವರ್ ಹೊಸ್ತಿಲ ಹೊರಗೇ ಇದ್ದ. ಕಾಂಪೌಂಡರ್ ಲೈಟರನ್ನು ಮೇಜಿನ ಮೇಲೆ ಟಕ್ಕನೆ ಇಟ್ಟರು.

"ಇದು ನಿನ್ನೆಯಿಂದ ಬಸ್ಸಿನ ಸೀಟಿನ ಕೆಳಗೇ ಇತ್ತು," ಎಂದರು ಮೂಗಣ್ಣ. "ಅಲ್ಲಿಗೆ ನಿಮ್ಮ ಮೈದುನ ನಿರಪರಾಧಿ. ಇಷ್ಟಕ್ಕೇ ನಾನು ಮನೆಗೆ ಹೋಗಬಹುದಿತ್ತು. ಆದ್ರೆ ಬೆಂಕಿ ತಾನಾಗೇ ಏಳಲ್ಲವಲ್ಲ?"

ಟೀಚರ್ ಲೈಟರನ್ನೇ ನೋಡುತ್ತ ನಿಂತಳು.

"ಕರೆಂಟ್ ಅಲ್ಲ, ಪ್ಲಗ್ ಇರೋದು ಆಚೆ ಗೋಡೇಲಿ. ಹೊರಗಿಂದ ಬಂದ ಕಿಡಿ ಅಲ್ಲ, ಕಿಟಕಿ ಮುಚ್ಚಿತ್ತು. ಮಗು ಹಚ್ಚಿದ್ದಲ್ಲ, ಹಚ್ಚೋಕೆ ಏನೂ ಇರಲಿಲ್ಲ. ಬೆಂಕಿ ಎದ್ದದ್ದು ಮೇಜಿನ ಮೂಲೇಲಿ. ನಾಲ್ಕು ಮೂಲೇಲಿ ಮೂರಕ್ಕೆ ಹಳೇ ಮೆತ್ತೆ, ಅವು ಹಾಗೇ ಇವೆ. ಹೊಸ ಮೆತ್ತೆ ಕಟ್ಟಿದ ಮೂಲೆ ಮಾತ್ರ ಸುಟ್ಟಿದೆ. ಹೊಸ ಮೆತ್ತೆ ಒಳಗೆ ಏನು ತುಂಬಿದ್ರಿ ಅಜ್ಜಿ?"

"ಬಟ್ಟೆ," ಎಂದರು ಅಜ್ಜಿ. "ಮನೇಲಿ ಹತ್ತಿ ಇರಲಿಲ್ಲ. ಶೆಡ್ಡಿನ ಬಟ್ಟೆ ಒಗೆದು ಒಣಗಿಸಿ ತುಂಬಿದೆ. ಬಿಸಿಲಿಂದ ತೆಗೆದು ಬಿಸಿಬಿಸಿ ಇದ್ದ ಹಾಗೇ ಒತ್ತಿ ತುಂಬಿದ್ರೆ ಮೆತ್ತೆ ಗಟ್ಟಿಯಾಗುತ್ತೆ."

ಪಾಲಿಷಿನವನು ಗೋಡೆಯಿಂದ ಬೆನ್ನು ಎತ್ತಿದ.

"ಅಮ್ಮಾ, ನೀರಿನ ಡಬ್ಬಿಯಲ್ಲಿದ್ದ ಬಟ್ಟೆನಾ?"

"ಹೂಂ. ನೀನೇ ದಿನಾ ಸಂಜೆ ನೆನೆಸಿಡ್ತೀಯಲ್ಲ, ಒಗೆಯೋಕೆ ಅಂತ. ನಿನಗೆಲ್ಲಿ ಪುರುಸೊತ್ತು ಅಂತ ನಾನೇ ಒಗೆದೆ."

"ಒಗೆಯೋಕಲ್ಲಮ್ಮಾ!" ಅವನ ದನಿ ಒಡೆಯಿತು. "ಅದು ಅಗಸೆ ಎಣ್ಣೆ ಒರೆಸಿದ ಬಟ್ಟೆ. ಮುದ್ದೆಯಾಗಿ ಬಿದ್ದಿದ್ರೆ ಹೊತ್ಕೊಳ್ಳುತ್ತೆ ಅಂತ ನೀರಲ್ಲಿ ಮುಳುಗಿಸಿ ಇಡೋದು. ಡಬ್ಬಿ ಖಾಲಿ ಆದಾಗೆಲ್ಲ ಕಸದವರು ಒಯ್ದಿದ್ದಾರೆ ಅಂದ್ಕೊಂಡೆ."

ಹಾಲು ಚೆಲ್ಲಿ ಸುಟ್ಟ ಕೈ, ಮಾತ್ರೆ ನುಂಗಿದ ಹೊಟ್ಟೆ, ಎಷ್ಟೆಷ್ಟೋ ಕಂಡವರು ಕಾಂಪೌಂಡರ್. ಮಗುವಿನ ತಲೆಗೆ ಪೆಟ್ಟಾಗದಿರಲೆಂದು ಹೊಲಿದ ಮೆತ್ತೆಯೇ ಬೆಂಕಿಯಾದದ್ದನ್ನು ಎಂದೂ ಕೇಳಿರಲಿಲ್ಲ.

"ಈ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತೆ," ಮೂಗಣ್ಣ ದನಿ ತಗ್ಗಿಸಿ ಹೇಳಿದರು. "ಸೋಪಿಗೆ ಪೂರ್ತಿ ಹೋಗೋ ಎಣ್ಣೆ ಅಲ್ಲ ಇದು. ಹಗ್ಗದ ಮೇಲೆ ಹರಡಿದ್ರೆ ಬಿಸಿ ಗಾಳೀಲಿ ಹೋಗುತ್ತೆ. ಒತ್ತಿ ತುಂಬಿ ಬಾಯಿ ಹೊಲಿದ್ರೆ ಎಲ್ಲಿಗೆ ಹೋಗಬೇಕು? ಒಳಗೊಳಗೇ ಏರುತ್ತೆ. ನಿನ್ನೆ ಬೆಳಿಗ್ಗೆ ಅದು ಮುಟ್ಟಿದ್ರೆ ಗೊತ್ತಾಗೋಷ್ಟು ಬಿಸಿಯಾಗಿತ್ತು. ಅದನ್ನ ಮುಟ್ಟಿ ನೋಡಿದವಳು ಮನೇಲಿ ಒಬ್ಬಳೇ. ಅವಳು ಹೇಳಿದ್ಲು ಕೂಡ."

ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. "ಮುಟ್ಟಿ ನೋಡು ಅಂದ್ಲು. ನಾನು ಮುಟ್ಟಲಿಲ್ಲ."

"ಮಧ್ಯಾಹ್ನ ಆ ಮೂಲೆಗೆ ಬಿಸಿಲೂ ಬಿತ್ತು, ಬಣ್ಣದ ವಾಸನೆ ಎದ್ದಿತು, ಬೆಂಕಿ ಹೊತ್ತಿತು. ಇಲ್ಲಿ ಬೆಂಕಿ ಇಟ್ಟವರು ಅಂತ ಯಾರೂ ಇಲ್ಲ. ಬೆಳಿಗ್ಗೆ ನಾನು ಹಗ್ಗದ ಬಟ್ಟೆ ಮೂಸಿದಾಗಲೇ..." ಮೂಗಣ್ಣ ಮಾತಿನ ಓಘದಲ್ಲಿ ಹಿತ್ತಲ ಬಾಗಿಲ ಕಡೆ ಕೈ ತೋರಿಸಿದರು. ಕೈ ಗಾಳಿಯಲ್ಲೇ ನಿಂತಿತು.

ಹಗ್ಗ ಖಾಲಿ ಇತ್ತು.

"ಅಜ್ಜಿ, ಇವತ್ತು ಒಣಗಿದ ಬಟ್ಟೆ ಎಲ್ಲಿ?"

ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಮಗು ಹೊಸ ಜಾಗದಲ್ಲಿ ಗೋಡೆಗೆ ತಲೆ ಬಡ್ಕೊಳ್ಳುತ್ತೆ ಅಂತ... ಉದ್ದದ ದಿಂಬು ಹೊಲಿದೆ. ಎಲ್ಲಾ ಬಟ್ಟೇನೂ ತುಂಬಿದೆ. ಮಧ್ಯಾಹ್ನ ಇವಳ ಕೈಲಿ ಕಳಿಸಿಕೊಟ್ಟೆ."

"ಮಂಚದ ಮೇಲೆ, ಗೋಡೆ ಬದಿಗೆ ನಾನೇ ಇಟ್ಟು ಬಂದೆ," ಎಂದಳು ಟೀಚರ್. ಅದು ಅವಳ ದನಿಯಂತೆಯೇ ಇರಲಿಲ್ಲ. "ಅವಳು ಈಗ ಮಲಗೋ ಹೊತ್ತು."

ಹೊಸ್ತಿಲ ಹೊರಗಿದ್ದ ಡ್ರೈವರ್ ಆಗಲೇ ಅಲ್ಲಿರಲಿಲ್ಲ. ಗೇಟು ಗೋಡೆಗೆ ಬಡಿದ ಸದ್ದು ಕೇಳಿತು. ಅವನ ಹಿಂದೆ ಅಣ್ಣ, ಅವನ ಹಿಂದೆ ಟೀಚರ್ ಬರಿಗಾಲಲ್ಲಿ. ಅಕ್ಕನಿಗೆ ಫೋನ್ ಮಾಡುತ್ತಲೇ ಓಡಿದಳು. ಆ ಕಡೆ ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ. "ಹರಡಿದ್ದ ಬಟ್ಟೆಯಿಂದ ಅಪಾಯ ಇಲ್ಲ ಅಂತ ಅಲ್ಲೇ ಬಿಟ್ಟೆನಲ್ಲ ಕಾಂಪೌಂಡರೇ," ಎನ್ನುತ್ತ ಮೂಗಣ್ಣ ಕೋಲಿಲ್ಲದೆ ದಡಬಡ ನಡೆದರು. ಅವರ ಮುಖ ಅಷ್ಟು ಬಿಳಿಚಿದ್ದನ್ನು ಕಾಂಪೌಂಡರ್ ಎಂದೂ ನೋಡಿರಲಿಲ್ಲ.

ಅಜ್ಜಿಯನ್ನು ಒಬ್ಬರೇ ಬಿಟ್ಟು ಹೋಗಲು ಕಾಂಪೌಂಡರಿಗೆ ಮನಸ್ಸಾಗಲಿಲ್ಲ. ತೋಳು ಹಿಡಿದು ನಡೆಸಿದರು. ಪಕ್ಕದ ಬೀದಿಯೇ ಆದರೂ ಆ ದಾರಿ ಮುಗಿಯಲೊಲ್ಲದು. "ಹೂವಿನ ಬಟ್ಟೆ ಹೊದಿಸಿದ್ದೆ ಅದಕ್ಕೆ," ಎಂದು ಮಾತ್ರ ಅಜ್ಜಿ ಹೇಳುತ್ತಿದ್ದರು. "ಮಗೂಗೆ ಇಷ್ಟ ಅಂತ."

ತಿರುವಿನಲ್ಲಿ ಬಣ್ಣದಂಥ ವಾಸನೆ ಬಡಿದಾಗ ಕಾಂಪೌಂಡರ್ ಹೆಜ್ಜೆ ಚುರುಕು ಮಾಡಿದರು.

ಆ ಮನೆಯ ಅಂಗಳದಲ್ಲಿ ದಿಂಬು ಬಿದ್ದಿತ್ತು. ನಡುವೆ ಕಂದು ಬಣ್ಣಕ್ಕೆ ತಿರುಗಿದ್ದ ಹೂವುಗಳು ಅವರು ನೋಡುತ್ತಿದ್ದಂತೆಯೇ ಕಪ್ಪಾದವು. ಹೊಲಿಗೆ ಬಿಚ್ಚಿತು, ಗಾಳಿ ತಾಗಿದ್ದೇ ಭಗ್ಗೆಂದು ಉರಿ ಎದ್ದಿತು. ಪಾಲಿಷಿನವನು ನೀರಿನ ಬಕೆಟ್ ಸುರಿದ, ಇನ್ನೊಂದು ತರಲು ಓಡಿದ. ಡ್ರೈವರ್ ಕಟ್ಟೆಯ ಮೇಲೆ ಏದುಸಿರು ಬಿಡುತ್ತ ಕೂತಿದ್ದ. ದಿಂಬು ಎಳೆದು ತಂದ ಎರಡೂ ಕೈಯ ಪಟ್ಟಿಗಳು ಬಿಸಿಗೆ ಕಂದಿಹೋಗಿದ್ದವು.

"ಮಗು?" ಕಾಂಪೌಂಡರಿಗೆ ಅಷ್ಟೇ ಕೇಳಲಾಯಿತು.

ಟೀಚರ್ ಒಳಗಿಂದ ಪುಟ್ಟಿಯನ್ನು ಎತ್ತಿಕೊಂಡು ಬಂದಳು. ನಿದ್ದೆಗಣ್ಣು, ಒಂದು ಕೆನ್ನೆ ದಿಂಬಿನ ಬಿಸಿಗೆ ಕೆಂಪಾಗಿತ್ತು. ಕಾಂಪೌಂಡರ್ ಕೆನ್ನೆ, ಕಿವಿ, ಕತ್ತು, ಬೆರಳುಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಏನೂ ಆಗಿರಲಿಲ್ಲ. ಒಳಗೆ ಅಡುಗೆಮನೆಯಲ್ಲಿದ್ದ ಪುಟ್ಟಿಯ ದೊಡ್ಡಮ್ಮನಿಗೆ ಏನು ನಡೆಯಿತು ಎಂಬುದೇ ಇನ್ನೂ ಅರ್ಥವಾಗಿರಲಿಲ್ಲ.

ಟೀಚರ್ ನೇರವಾಗಿ ಮೈದುನನ ಹತ್ತಿರ ಹೋದಳು. "ನಿನ್ನೆ ನಿನಗೆ ಏನೇನೋ ಅಂದುಬಿಟ್ಟೆ," ಎಂದಳು. ಮುಂದೆ ಹೇಳಲಾಗದೆ ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿ, ಬೀಳದಂತೆ ತಾನೇ ಹಿಡಿದುಕೊಂಡಳು. "ಚಿಕ್ಕಪ್ಪನ ಕೈ ಮುಟ್ಟಬೇಡ ಪುಟ್ಟಿ, ಗಾಯ ಆಗಿದೆ." ಅಷ್ಟು ಹೊತ್ತು ಗಟ್ಟಿಯಾಗಿದ್ದ ಡ್ರೈವರ್ ಮಗುವಿನ ತಲೆಗೆ ಕೆನ್ನೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತ.

ಅಜ್ಜಿ ಗೇಟು ದಾಟಲಿಲ್ಲ. ಹಿರಿಮಗ ಬಂದು ಕರೆದರೂ ಕದಲಲಿಲ್ಲ.

"ನಾನು ಮಗು ಹತ್ತಿರ ಬರಲ್ಲಪ್ಪಾ. ಇಲ್ಲೇ ಇರ್ತೀನಿ."

"ತಪ್ಪು ನಂದಮ್ಮಾ. ಯಾಕೆ ನೀರಲ್ಲಿ ಹಾಕ್ತೀನಿ ಅಂತ ಒಂದು ದಿನ ನಿನಗೆ ಹೇಳಲಿಲ್ಲ. ಸುಮ್ಮನೆ ಹೆದರ್ತೀಯ ಅಂತ."

"ನನಗೂ ಹೇಳಲಿಲ್ಲ ನೀವು," ಎಂದಳು ಟೀಚರ್ ಕಟ್ಟೆಯಿಂದಲೇ. "ನಾನೂ ಅತ್ತೆಗೆ ಏನೂ ಬಿಡಿಸಿ ಹೇಳಲಿಲ್ಲ. ಬೀಗ ಹಾಕಿದೆ, ಚಿಲಕ ಹಾಕಿದೆ, ಅಷ್ಟೇ."

ಮೂಗಣ್ಣ ತಮ್ಮ ವಿವರಣೆಯ ಉಳಿದ ಭಾಗಕ್ಕೆ ಬಾಯಿ ತೆರೆದರು. ಕಾಂಪೌಂಡರ್ ಅವರ ತೋಳು ಹಿಡಿದು ಪಕ್ಕಕ್ಕೆ ಎಳೆದರು.

ಅಜ್ಜಿ ಗೇಟಿನ ಕಂಬ ಹಿಡಿದು ಮೆಲ್ಲಗೆ ನೆಲದ ಮೇಲೆ ಕೂತರು. ಮಗನೂ ಅಲ್ಲೇ ಮಣ್ಣಿನಲ್ಲಿ ಕೂತ.

"ಆ ಶೆಡ್ಡಲ್ಲಿ ಇನ್ನೂ ಏನೇನಿದೆ?" ಎಂದು ಕೇಳಿದರು ಅಜ್ಜಿ. "ಯಾವುದನ್ನ ಮುಟ್ಟಬಾರದು, ಯಾಕೆ ಮುಟ್ಟಬಾರದು, ಎಲ್ಲಾ ಹೇಳು. ಹೆದರಿದ್ರೆ ಹೆದರ್ತೀನಿ. ಒಂದನ್ನೂ ಬಿಡದೆ ಹೇಳು."